ಹೊಸ ಯಂತ್ರ ಮನೆಯ ಹಿರಿಯರ ಕೈಗೂ ಒಗ್ಗಬೇಕು

ನೊಗ ಮಾಡುವ ಬಡಗಿ ಮೊದಲು ಎತ್ತಿನ ಹೆಗಲನ್ನು ನೋಡುತ್ತಾನೆ. ಹೆಗಲು ನೋಡದೆ ಮಾಡಿದ ನೊಗದಿಂದ ಎತ್ತಿಗೆ ಹುಣ್ಣಾದರೆ ಯಾವ ರೈತನೂ ಎತ್ತನ್ನು ಬಯ್ಯುವುದಿಲ್ಲ. ಬಡಗಿಯನ್ನು ಕರೆಸಿ ನೊಗವನ್ನೇ ಕೆತ್ತಿಸಿ ಸರಿಮಾಡಿಸಿಕೊಳ್ಳುತ್ತಾನೆ. ಕಮ್ಮಾರನಿಂದ ಕುಡುಗೋಲು ಮಾಡಿಸುವಾಗಲೂ ಹೀಗೆಯೇ. ಹಿಡಿಯುವ ಕೈ ಯಾರದೆಂದು ತಿಳಿದೇ ಅದಕ್ಕೆ ಹಿಡಿ ಹಾಕುವುದುಂಟು. ಸಲಕರಣೆ ಮನುಷ್ಯನಿಗೆ ಹೊಂದಬೇಕೇ ಹೊರತು ಮನುಷ್ಯ ಸಲಕರಣೆಗೆ ಹೊಂದಬೇಕಾದುದಿಲ್ಲವೆಂಬುದು ನಮ್ಮ ಹಳ್ಳಿಗಳಿಗೆ ಹೊಸ ಮಾತಲ್ಲ.

ಈಗ ನಮ್ಮ ಮನೆಗಳಿಗೆ ಬೇರೆ ಬಗೆಯ ಸಲಕರಣೆಗಳು ಬಂದಿವೆ. ಮೊಬೈಲ್ ಫೋನು, ಪಂಪ್‌ಸೆಟ್ಟಿಗೆ ಜೋಡಿಸುವ ಮೊಬೈಲ್ ಸ್ಟಾರ್ಟರು, ನ್ಯಾಯಬೆಲೆ ಅಂಗಡಿಯಲ್ಲಿ ಬೆರಳಚ್ಚು ನೋಡುವ ಯಂತ್ರ, ಬ್ಯಾಂಕಿನ ಎಟಿಎಂ, ಫೋನಿನೊಳಗೆ ಕೆಲಸ ಮಾಡುವ ನಾನಾ ಆ್ಯಪ್‌ಗಳು, ಇವೆಲ್ಲ ಈಗ ಒಕ್ಕಲುತನದ ಸಾಮಾನುಗಳೇ ಆಗಿವೆ. ಇವನ್ನು ಮಾಡುವವರು ದೂರದ ಪಟ್ಟಣಗಳಲ್ಲಿದ್ದಾರೆ. ಅವರಲ್ಲಿ ಬಹಳ ಮಂದಿ ಎಳೆಯ ವಯಸ್ಸಿನವರು. ನಮ್ಮ ಮನೆಯ ಅಜ್ಜನ ಕೈಯನ್ನು ಅವರು ಕಂಡವರಲ್ಲ. ಯಂತ್ರ ಕೈಗೆ ಒಗ್ಗದಿದ್ದಾಗ ನಾವೂ ಬಡಗಿಯನ್ನು ಕರೆಯುವುದನ್ನು ಮರೆತು, "ಅಜ್ಜನಿಗೆ ಇದೆಲ್ಲ ತಿಳಿಯುವುದಿಲ್ಲ" ಎಂದು ಅಜ್ಜನನ್ನೇ ದೂರುತ್ತೇವೆ. ಇದು ಎತ್ತನ್ನು ಬಯ್ದಂತೆ.

ವಯಸ್ಸಾದಂತೆ ಕಣ್ಣು, ಕಿವಿ, ಕೈಗಳಲ್ಲಿ ಏನು ವ್ಯತ್ಯಾಸವಾಗುತ್ತದೆ, ಯಂತ್ರ ಎಲ್ಲಿ ತಪ್ಪುತ್ತದೆ, ಅದನ್ನು ಪರೀಕ್ಷಿಸುವುದು ಹೇಗೆ, ಹಿರಿಯರಿಗೆ ಸಲ್ಲಬೇಕಾದ ಧಾನ್ಯ, ಹಣ ತಪ್ಪಿಹೋಗದಂತೆ ನೋಡಿಕೊಳ್ಳುವುದು ಹೇಗೆ ಎಂಬುದನ್ನು ಇಲ್ಲಿ ವಿವರಿಸಿದೆ. ಓದಲು ಬಾರದ ಹಿರಿಯರಿಗೆ ಇದನ್ನು ಮನೆಯ ಮಕ್ಕಳು ಓದಿ ಹೇಳಬೇಕು.

ಇದು ಎಲ್ಲೋ ಕೆಲವರ ಮಾತಲ್ಲ

೨೦೧೧ರ ಜನಗಣತಿಯ ಪ್ರಕಾರ ನಮ್ಮ ದೇಶದಲ್ಲಿ ೬೦ ವರ್ಷ ತುಂಬಿದವರು ಸುಮಾರು ೧೦ ಕೋಟಿ ೪೦ ಲಕ್ಷ ಮಂದಿ ಇದ್ದರು. ಎಂದರೆ ನೂರು ಜನರಲ್ಲಿ ಎಂಟೊಂಬತ್ತು ಮಂದಿ. ಇವರಲ್ಲಿ ೭ ಕೋಟಿಗೂ ಹೆಚ್ಚು ಜನ ಹಳ್ಳಿಗಳಲ್ಲಿಯೇ ವಾಸವಾಗಿದ್ದರು. ಮಕ್ಕಳು ಕೆಲಸಕ್ಕೆಂದು ಬೆಂಗಳೂರಿಗೋ ಬೇರೆ ಊರಿಗೋ ಹೋದ ಮೇಲೆ ಹೊಲ, ಮನೆ, ದನಕರುಗಳನ್ನು ನೋಡಿಕೊಂಡು ಉಳಿದಿರುವವರು ಇವರೇ. ನಿಮ್ಮ ಬೀದಿಯ ಮನೆಗಳನ್ನು ಒಂದು ಸಲ ಎಣಿಸಿ ನೋಡಿದರೆ ಈ ಮಾತಿಗೆ ಬೇರೆ ಸಾಕ್ಷಿ ಬೇಕಾಗುವುದಿಲ್ಲ.

ಇನ್ನೊಂದು ವಿಷಯವನ್ನೂ ಗಮನಿಸಬೇಕು. ಬಹಳ ಮನೆಗಳಲ್ಲಿ ಪಹಣಿ ಇರುವುದು ಹಿರಿಯರ ಹೆಸರಿನಲ್ಲಿ. ೨೦೧೯ರ ಫೆಬ್ರವರಿ ೨೪ರಂದು ಪ್ರಾರಂಭವಾದ ಪಿಎಂ-ಕಿಸಾನ್ ಯೋಜನೆಯಲ್ಲಿ ವರ್ಷಕ್ಕೆ ೬,೦೦೦ ರೂಪಾಯಿಯನ್ನು ತಲಾ ೨,೦೦೦ದ ಮೂರು ಕಂತುಗಳಲ್ಲಿ ಜಮೀನಿನ ಒಡೆಯರ ಬ್ಯಾಂಕ್ ಖಾತೆಗೆ ಹಾಕುವ ಏರ್ಪಾಡಾಯಿತು. ಆ ಹಣ ಬರಬೇಕಾದರೆ ಇ-ಕೆವೈಸಿ, ಎಂದರೆ ತಾನೇ ಆ ಮನುಷ್ಯನೆಂದು ಯಂತ್ರದ ಮೂಲಕ ತೋರಿಸುವ ಕೆಲಸ, ಆಗಿರಬೇಕು. ಯಂತ್ರದ ಮುಂದೆ ಕೂರಬೇಕಾದವರು ಮೊಮ್ಮಗನಲ್ಲ, ಅಜ್ಜನೇ. ಅಜ್ಜನ ಬೆರಳನ್ನು ಯಂತ್ರ ಗುರುತಿಸದಿದ್ದರೆ ನಷ್ಟವಾಗುವುದು ಇಡೀ ಸಂಸಾರಕ್ಕೆ. ಆದ್ದರಿಂದ ಹಿರಿಯರಿಗೆ ಒಗ್ಗುವ ಯಂತ್ರ ಬೇಕೆನ್ನುವುದು ದಯೆ ದಾಕ್ಷಿಣ್ಯದ ಮಾತಲ್ಲ, ಲೆಕ್ಕದ ಮಾತು.

ವಯಸ್ಸಾದಂತೆ ದೇಹದಲ್ಲಿ ಆಗುವ ವ್ಯತ್ಯಾಸ

ಕಣ್ಣು. ೪೦ ವರ್ಷ ದಾಟಿದ ಮೇಲೆ ಕಣ್ಣಿನೊಳಗಿನ ಮಸೂರ ಗಡುಸಾಗುತ್ತಾ ಬರುತ್ತದೆ. ಹತ್ತಿರದ ಸಣ್ಣ ಅಕ್ಷರ ಮಸುಕಾಗುತ್ತದೆ. ಮಸೂರಕ್ಕೆ ನಸು ಹಳದಿ ಬಣ್ಣ ಕೂಡುವುದರಿಂದ ನೀಲಿಗೂ ಹಸಿರಿಗೂ ಇರುವ ಭೇದ ಕಾಣುವುದು ಕಷ್ಟವಾಗುತ್ತದೆ. ೬೦ ವರ್ಷದವರ ಕಣ್ಣಿನ ಒಳಪರದೆಗೆ ತಲಪುವ ಬೆಳಕು, ೨೦ ವರ್ಷದವರಿಗೆ ತಲಪುವ ಬೆಳಕಿನ ಸುಮಾರು ಮೂರನೆಯ ಒಂದು ಭಾಗ ಮಾತ್ರ. ಬಿಳಿಯ ಮೇಲೆ ಬೂದು ಬಣ್ಣದಲ್ಲಿ ಬರೆದ ಸಣ್ಣ ಅಕ್ಷರ ಎಳೆಯರಿಗೆ ಅಂದವಾಗಿ ಕಂಡೀತು. ನಡುಮನೆಯ ಮಂದ ಬೆಳಕಿನಲ್ಲಿ ಕುಳಿತ ಅಜ್ಜಿಗೆ ಅಲ್ಲಿ ಅಕ್ಷರವೇ ಇಲ್ಲ.

ಕಿವಿ. ಮೊದಲು ಕುಂದುವುದು ಕೀರಲು ಸದ್ದನ್ನು ಕೇಳುವ ಶಕ್ತಿ. ಫೋನಿನ ಸಣ್ಣ ‘ಕಿಣ್’ ಎಂಬ ಸೂಚನೆ ಹಿರಿಯರಿಗೆ ಕೇಳಿಸದಿರುವುದು ಇದರಿಂದಲೇ. ‘ಸ’, ‘ಶ’, ‘ತ’ಗಳಂತಹ ಅಕ್ಷರಗಳ ಧ್ವನಿ ಕೂಡ ಇದೇ ಎತ್ತರದ ಸ್ವರದಲ್ಲಿರುವುದರಿಂದ ಮಾತು ಕಿವಿಗೆ ಬೀಳುತ್ತದೆ, ಏನೆಂದರೆಂಬುದು ತಿಳಿಯುವುದಿಲ್ಲ. ಆಗ ಕೂಗಿ ಹೇಳುವುದಕ್ಕಿಂತ ನಿಧಾನವಾಗಿ, ಬಿಡಿಸಿ ಹೇಳುವುದು ಲೇಸು. ಯಂತ್ರದ ಮಾತಿಗೂ ಈ ನಿಯಮವೇ ಸಲ್ಲುತ್ತದೆ.

ಕೈ. ಗಾಜಿನ ಮುಖದ ಫೋನು ಬೆರಳಿನ ಒತ್ತಡವನ್ನು ನೋಡುವುದಿಲ್ಲ. ಗಾಜಿನ ಕೆಳಗೆ ಅತಿ ಸೂಕ್ಷ್ಮವಾದ ವಿದ್ಯುತ್ ಜಾಲವಿದೆ. ಬೆರಳು ಸೋಕಿದಾಗ ಆ ವಿದ್ಯುತ್ತಿನಲ್ಲಿ ಆಗುವ ಬದಲಾವಣೆಯನ್ನು ಅದು ಗುರುತಿಸುತ್ತದೆ. ಚರ್ಮ ಒಣಗಿ, ಕೈಯಲ್ಲಿ ದಡ್ಡುಗಟ್ಟಿದ್ದರೆ ಈ ಬದಲಾವಣೆ ಸಾಕಷ್ಟು ಆಗುವುದಿಲ್ಲ. ಎಷ್ಟು ಒತ್ತಿದರೂ ಫೋನು ಸುಮ್ಮನಿರುತ್ತದೆ. ಇನ್ನು ಕೈ ನಡುಗುವವರು ಒಂದು ಸಲ ಮುಟ್ಟಿದರೆ ಅದು ಎರಡು ಸಲವಾಗುತ್ತದೆ. ಬೆರಳು ನಿಧಾನವಾಗಿ ಎತ್ತಿದರೆ ಬೇರೇನೋ ತೆರೆದುಕೊಳ್ಳುತ್ತದೆ. ಸಕ್ಕರೆ ಕಾಯಿಲೆ ಬಹಳ ದಿನದಿಂದ ಇರುವವರಲ್ಲಿ ಬೆರಳ ತುದಿಯ ಸ್ಪರ್ಶವೇ ಮಂದವಾಗುವುದುಂಟು.

ನೆನಪು. ಹೊಸದನ್ನು ಕಲಿಯಲು ಹಿರಿಯರಿಗೆ ಹೆಚ್ಚು ಹೊತ್ತು ಬೇಕು, ನಿಜ. ಆದರೆ ಕಲಿತದ್ದನ್ನು ಅವರು ಸುಲಭವಾಗಿ ಬಿಡುವುದಿಲ್ಲ. ನಲವತ್ತು ವರ್ಷದ ಹಿಂದಿನ ಬರಗಾಲದಲ್ಲಿ ಯಾವ ಬಾವಿಯಲ್ಲಿ ಎಷ್ಟು ಮೊಳ ನೀರಿತ್ತೆಂದು ಹೇಳಬಲ್ಲವರಿಗೆ ಬುದ್ಧಿ ಸಾಲದೆನ್ನುವುದು ಹೇಗೆ? ಕಷ್ಟ ಬರುವುದು ಯಾವಾಗಲೆಂದರೆ, ಬಹಳ ಶ್ರಮದಿಂದ ಕಲಿತ ಆ್ಯಪ್ ರಾತ್ರೋರಾತ್ರಿ ತನ್ನ ಮುಖವನ್ನೇ ಬದಲಿಸಿಕೊಂಡಾಗ. ಬಲಗಡೆ ಇದ್ದ ಗುಂಡಿ ಎಡಗಡೆಗೆ ಹೋಗಿರುತ್ತದೆ. ಕೆರೆಗೆ ಹೋಗುವ ದಾರಿಯನ್ನು ಯಾರೋ ರಾತ್ರಿ ಬೇರೆ ಕಡೆಗೆ ತಿರುಗಿಸಿದರೆ ಎಳೆಯರಾದರೂ ಮುಗ್ಗರಿಸುವುದಿಲ್ಲವೇ?

ಸವೆದ ಬೆರಳು ಮತ್ತು ಬೆರಳಚ್ಚಿನ ಯಂತ್ರ

ಮೊದಲನೆಯ ಆಧಾರ್ ಸಂಖ್ಯೆಯನ್ನು ೨೦೧೦ರ ಸೆಪ್ಟೆಂಬರ್ ೨೯ರಂದು ಮಹಾರಾಷ್ಟ್ರದ ನಂದುರ್‌ಬಾರ್ ಜಿಲ್ಲೆಯ ತೆಂಭ್ಲಿ ಎಂಬ ಹಳ್ಳಿಯಲ್ಲಿ ಕೊಡಲಾಯಿತು. ನೋಂದಣಿ ಮಾಡುವಾಗ ಹತ್ತು ಬೆರಳುಗಳ ಅಚ್ಚು, ಎರಡು ಕಣ್ಣುಗಳ ಪಾಪೆಯ ಗುರುತು ಮತ್ತು ಮುಖದ ಭಾವಚಿತ್ರವನ್ನು ತೆಗೆದುಕೊಳ್ಳುವರು. ಆಮೇಲೆ ಅಂಗಡಿಯಲ್ಲಿ ಅಥವಾ ಸೇವಾ ಕೇಂದ್ರದಲ್ಲಿ ಬೆರಳಿಟ್ಟಾಗ ಯಂತ್ರವು ಅಂದಿನ ಅಚ್ಚಿಗೂ ಇಂದಿನ ಅಚ್ಚಿಗೂ ತಾಳೆ ನೋಡುತ್ತದೆ.

ಬೆರಳ ತುದಿಯ ಚರ್ಮದಲ್ಲಿ ಉಬ್ಬಿದ ಗೆರೆಗಳಿವೆ. ಉತ್ತ ಹೊಲದ ಸಾಲುಗಳಂತೆ ಇವು ಏರುತಗ್ಗಾಗಿರುವುದರಿಂದಲೇ ಯಂತ್ರಕ್ಕೆ ಅಚ್ಚು ಸಿಕ್ಕುವುದು. ಐವತ್ತು ವರ್ಷ ಗುದ್ದಲಿ, ಹಗ್ಗ, ಕಲ್ಲು, ಸುಣ್ಣ, ಸಿಮೆಂಟುಗಳನ್ನು ಹಿಡಿದ ಕೈಯಲ್ಲಿ ಈ ಸಾಲುಗಳು ಸವೆದು ಮಟ್ಟವಾಗುತ್ತವೆ. ವಯಸ್ಸಾದಂತೆ ಚರ್ಮ ತೆಳುವಾಗಿ ಒಣಗುವುದರಿಂದ ಬೆರಳು ಗಾಜಿಗೆ ಸರಿಯಾಗಿ ಅಂಟಿಕೊಳ್ಳುವುದೂ ಇಲ್ಲ. ಕಚೇರಿಯಲ್ಲಿ ಕುಳಿತು ಬರೆಯುವವರ ಬೆರಳಿನ ಮೇಲೆ ಪರೀಕ್ಷಿಸಿದರೆ ಈ ದೋಷ ಕಾಣುವುದೇ ಇಲ್ಲ. ಹೆಚ್ಚು ದುಡಿದ ಕೈಯನ್ನೇ ಯಂತ್ರ ಗುರುತಿಸದೆ ಹೋಗುತ್ತದೆ. ಯಂತ್ರವನ್ನು ಯಾರ ಮೇಲೆ ಪರೀಕ್ಷಿಸಬೇಕೆಂಬ ಪ್ರಶ್ನೆ ಎಷ್ಟು ಮುಖ್ಯವಾದದ್ದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಡ.

ಇದಕ್ಕೆ ಪರಿಹಾರವೇನು? ಒಂದೇ ಬಾಗಿಲಿನ ಮನೆ ಕಟ್ಟಬಾರದು. ಬಾಗಿಲು ಕೆಟ್ಟರೆ ಒಳಗೆ ಹೋಗಲು ಇನ್ನೊಂದು ಇರಬೇಕು. ಬೆರಳು ಆಗದಿದ್ದರೆ ಕಣ್ಣಿನ ಪಾಪೆ, ಅದೂ ಆಗದಿದ್ದರೆ ಮುಖ ಅಥವಾ ಫೋನಿಗೆ ಬರುವ ಓಟಿಪಿ, ಯಾವುದೂ ಆಗದಿದ್ದರೆ ಕಾರ್ಡು ನೋಡಿ ಪುಸ್ತಕದಲ್ಲಿ ಬರೆದುಕೊಂಡು ಧಾನ್ಯ ಕೊಡುವ ದಾರಿ, ಹೀಗೆ ಒಂದರ ಹಿಂದೆ ಒಂದು ಇರಬೇಕು. ಆಧಾರ್ ಪ್ರಾಧಿಕಾರವೇ ೨೦೧೭ರ ಅಕ್ಟೋಬರ್ ೨೪ರ ಸುತ್ತೋಲೆಯಲ್ಲಿ, ಬೆರಳಚ್ಚು ತಾಳೆಯಾಗಲಿಲ್ಲವೆಂಬ ಕಾರಣದಿಂದ ಅರ್ಹರಿಗೆ ಪಡಿತರ ಮತ್ತು ಇತರ ಸೌಲಭ್ಯಗಳನ್ನು ನಿರಾಕರಿಸಬಾರದೆಂದೂ ಬೇರೆ ದಾರಿಗಳನ್ನು ಇಟ್ಟಿರಬೇಕೆಂದೂ ತಿಳಿಸಿದೆ. ಯಂತ್ರ ‘ಇಲ್ಲ’ ಎಂದೊಡನೆ ಹಿರಿಯರು ಚೀಲ ಮಡಿಸಿಕೊಂಡು ಹಿಂತಿರುಗಬೇಕಾಗಿಲ್ಲ. ಬೇರೆ ದಾರಿ ಯಾವುದೆಂದು ಕೇಳುವುದು ಅವರ ಹಕ್ಕು.

ಯಂತ್ರಗಳು ಸುಧಾರಿಸುವುದೂ ಉಂಟು. ಪಿಂಚಣಿದಾರರು ತಾವು ಬದುಕಿರುವುದನ್ನು ತಿಳಿಸಲು ೨೦೧೪ರ ನವೆಂಬರಿನಲ್ಲಿ ಜೀವನ್ ಪ್ರಮಾಣ್ ಎಂಬ ಏರ್ಪಾಡು ಬಂದಿತು. ಆಗ ಬೆರಳು ಅಥವಾ ಕಣ್ಣಿನ ಯಂತ್ರ ಬೇಕಾಗಿತ್ತು. ೨೦೨೧ರ ನವೆಂಬರಿನಲ್ಲಿ ಮುಖವನ್ನೇ ಫೋನಿಗೆ ತೋರಿಸಿ ಪ್ರಮಾಣ ಕೊಡುವ ದಾರಿಯೂ ಸೇರಿತು. ಪಿಎಂ-ಕಿಸಾನ್ ಆ್ಯಪ್‌ನಲ್ಲಿಯೂ ೨೦೨೩ರ ಜೂನ್‌ನಲ್ಲಿ ಮುಖ ತೋರಿಸಿ ಇ-ಕೆವೈಸಿ ಮಾಡುವ ಅನುಕೂಲವನ್ನು ಕೊಡಲಾಯಿತು. ಇದನ್ನು ಬಲ್ಲ ಒಬ್ಬ ರೈತ ತನ್ನ ಫೋನಿನಿಂದ ಊರಿನ ೧೦೦ ರೈತರಿಗೆ ಅವರವರ ಮನೆಯಲ್ಲಿಯೇ ಈ ಕೆಲಸ ಮಾಡಿಕೊಡಬಹುದೆಂದು ಆಗ ಏರ್ಪಡಿಸಲಾಯಿತು. ಹಿರಿಯರು ಯಂತ್ರವಿದ್ದ ಕಡೆಗೆ ಹೋಗುವ ಬದಲು ಯಂತ್ರವೇ ಹಿರಿಯರ ಜಗಲಿಗೆ ಬರುವಂತಾದದ್ದು ಒಳ್ಳೆಯ ಕೆಲಸ.

ಬೇರೆ ಕಡೆಗಳಲ್ಲಿ ಏನು ಮಾಡಿದರು

ಅಮೆರಿಕಾ ದೇಶದಲ್ಲಿ ಪೆಟ್ರೀಷಿಯಾ ಮೂರ್ ಎಂಬ ಹೆಣ್ಣುಮಗಳು ಸಾಮಾನುಗಳ ರೂಪರೇಖೆ ಮಾಡುವ ಕೆಲಸದಲ್ಲಿದ್ದಳು. ಕೀಲುನೋವಿರುವವರೂ ತೆರೆಯಬಹುದಾದಂತಹ ಬಾಗಿಲನ್ನು ಶೀತಪೆಟ್ಟಿಗೆಗೆ ಮಾಡಬಾರದೇಕೆಂದು ಆಕೆ ಕೇಳಿದಾಗ, ಅಂಥವರಿಗಾಗಿ ನಾವು ಸಾಮಾನು ಮಾಡುವುದಿಲ್ಲವೆಂಬ ಉತ್ತರ ಬಂತಂತೆ. ೧೯೭೯ರಲ್ಲಿ, ತನ್ನ ೨೬ನೆಯ ವಯಸ್ಸಿನಲ್ಲಿ, ಆಕೆ ಮುದುಕಿಯ ವೇಷ ಹಾಕಿದಳು. ಮಸುಕು ಕನ್ನಡಕ ಹಾಕಿ, ಕಿವಿಗೆ ತಡೆಯಿಟ್ಟು, ಕಾಲು ಬಗ್ಗದಂತೆ ಪಟ್ಟಿ ಕಟ್ಟಿಕೊಂಡು ಮೂರು ವರ್ಷಗಳ ಕಾಲ ಆಗಾಗ್ಗೆ ಅಮೆರಿಕಾ ಮತ್ತು ಕೆನಡಾದ ನೂರಕ್ಕೂ ಹೆಚ್ಚು ಊರುಗಳಲ್ಲಿ ತಿರುಗಾಡಿ, ಮುದುಕರಿಗೆ ಬಾಗಿಲು, ಬಸ್ಸು, ಅಂಗಡಿಗಳು ಹೇಗೆ ತೊಡಕಾಗುತ್ತವೆಂಬುದನ್ನು ಸ್ವತಃ ಕಂಡಳು. ಹಿರಿಯರ ಕಷ್ಟವನ್ನು ಊಹೆಯಿಂದ ತಿಳಿಯಲಾಗದೆಂಬುದೇ ಆಕೆಯ ಕೆಲಸದ ಸಾರ.

ಅದೇ ದೇಶದಲ್ಲಿ ಸ್ಯಾಮ್ ಫಾರ್ಬರ್ ಎಂಬುವರ ಹೆಂಡತಿಗೆ ಕೈ ಕೀಲುಗಳ ನೋವಿತ್ತು. ತರಕಾರಿ ಸಿಪ್ಪೆ ಹೆರೆಯುವ ಸಣ್ಣ ಕಬ್ಬಿಣದ ಸಲಕರಣೆ ಆಕೆಯ ಕೈಗೆ ನೋವು ಕೊಡುತ್ತಿತ್ತು. ೧೯೯೦ರಲ್ಲಿ ದಪ್ಪನೆಯ, ಮೆತ್ತನೆಯ ಹಿಡಿಯುಳ್ಳ ಹೊಸ ಸಲಕರಣೆಯನ್ನು ಅವರು ಮಾರಾಟಕ್ಕೆ ತಂದರು. ನೋವಿದ್ದವರಿಗಾಗಿ ಹುಟ್ಟಿದ ಆ ಹಿಡಿಯನ್ನು ನೋವಿಲ್ಲದವರೂ ಮೆಚ್ಚಿ ಕೊಂಡರು. ಇದನ್ನು ನೆನಪಿಡಬೇಕು. ಹಿರಿಯರಿಗೆ ಸುಲಭವಾದುದು ಕಿರಿಯರಿಗೆ ಕಷ್ಟವಾಗುವುದಿಲ್ಲ. ಹೊಲದಿಂದ ದಣಿದು ಬಂದವನಿಗೆ, ಬಿಸಿಲಿನಲ್ಲಿ ನಿಂತವನಿಗೆ, ಕೈ ಕೆಸರಾದವನಿಗೆ ಎಲ್ಲರಿಗೂ ಅದು ಅನುಕೂಲವೇ.

ಜಪಾನಿನಲ್ಲಿ ಫುಜಿತ್ಸು ಕಂಪನಿಯವರು ‘ರಾಕು ರಾಕು’ ಎಂಬ ಫೋನುಗಳನ್ನು ಮಾಡಿದರು. ಆ ಹೆಸರಿಗೆ ‘ಸಲೀಸು’ ಎಂದರ್ಥ. ದೊಡ್ಡ ಗುಂಡಿ, ದೊಡ್ಡ ಅಕ್ಷರಗಳ ಜೊತೆಗೆ ಆ ಕಡೆಯವರ ಮಾತನ್ನು ನಿಧಾನಗೊಳಿಸಿ ಕೇಳಿಸುವ ಏರ್ಪಾಡೂ ಅದರಲ್ಲಿತ್ತು.

ನಮ್ಮ ದೇಶದ ಉದಾಹರಣೆಯೂ ಇದೆ. ಪುಣೆಯ ಸಂತೋಷ್ ಓಸ್ತವಾಲ್ ಎಂಬ ಇಂಜಿನಿಯರು, ಪಂಪು ಹಾಕಲು ರಾತ್ರಿ ಹೊತ್ತು ತೋಟಕ್ಕೆ ಹೋಗುತ್ತಿದ್ದ ತಮ್ಮ ಅಜ್ಜನ ಕಷ್ಟವನ್ನು ಕಂಡವರು. ಮುಂದೆ ಅವರು ಮೊಬೈಲ್ ಫೋನಿನಿಂದ ಪಂಪನ್ನು ನಡೆಸುವ ‘ನ್ಯಾನೋ ಗಣೇಶ್’ ಎಂಬ ಸಾಧನವನ್ನು ಮಾಡಿದರು. ಕರೆಂಟು ಬರುವ ಹೊತ್ತು ರಾತ್ರಿಯಾದಾಗ ಹಾವು ಚೇಳಿನ ಭಯದಲ್ಲಿ ಬದುವಿನ ಮೇಲೆ ನಡೆಯುವುದು ತಪ್ಪಿದರೆ ಅದು ಸಣ್ಣ ಉಪಕಾರವಲ್ಲ.

ಗುಜರಾತಿನ ಹಳ್ಳಿಗಳಿಂದ ಇನ್ನೊಂದು ಪಾಠ ಸಿಕ್ಕಿದೆ. ಫೋನಿನ ಮೂಲಕ ಬೇಸಾಯದ ಮಾಹಿತಿ ಕೊಡುವಾಗ ರೈತರು ಬಾಯಲ್ಲಿ ಹೇಳಿ ವಿಷಯ ಆರಿಸುವುದು ಸುಲಭವೋ, ಅಂಕಿಯ ಗುಂಡಿ ಒತ್ತುವುದು ಸುಲಭವೋ ಎಂದು ಪರೀಕ್ಷಿಸಿದರು. ಓದು ಕಡಿಮೆ ಇರುವವರಿಗೆ ಮಾತೇ ಸುಲಭವೆಂದು ಯಾರಾದರೂ ಊಹಿಸಿಯಾರು. ಆದರೆ ೨೦೦೯ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಗುಂಡಿ ಒತ್ತಿದವರೇ ಹೆಚ್ಚು ಕೆಲಸವನ್ನು ಪೂರೈಸಿದ್ದರು. ಕೇಳದೆ, ನೋಡದೆ ಕೈಗೊಂಡ ತೀರ್ಮಾನ ಎಷ್ಟು ತಪ್ಪಬಹುದೆಂಬುದು ಇದರಿಂದ ತಿಳಿಯುತ್ತದೆ.

ಪರೀಕ್ಷೆ ಮಾಡುವ ಕ್ರಮ

ಈಚೆಗೆ ಹೊಸ ಆ್ಯಪ್, ಹೊಸ ಯಂತ್ರಗಳನ್ನು ತೋರಿಸಲು ಕಂಪನಿಯವರೂ ಸಂಸ್ಥೆಗಳವರೂ ಹಳ್ಳಿಗಳಿಗೆ ಬರುತ್ತಾರೆ. ಅವರ ಸುತ್ತ ಸೇರುವವರು ಸಾಮಾನ್ಯವಾಗಿ ಹುಡುಗರು. ಅವರು ಹತ್ತು ನಿಮಿಷದಲ್ಲಿ ಕಲಿತು "ಬಹಳ ಸುಲಭ" ಎನ್ನುತ್ತಾರೆ. ಬಂದವರು ಸಂತೋಷದಿಂದ ಹಿಂತಿರುಗುತ್ತಾರೆ. ಇನ್ನು ಮುಂದೆ ಹೀಗಾಗದಂತೆ ನೀವು ನೋಡಿಕೊಳ್ಳಬಹುದು. ಪರೀಕ್ಷೆಯ ಕ್ರಮ ಕಷ್ಟವಾದುದಲ್ಲ.

೧. ಐದು ಜನ ಹಿರಿಯರನ್ನು ಕರೆಯಿರಿ. ಐದೇ ಜನರನ್ನು ಕೂರಿಸಿ ನೋಡಿದರೂ ಯಂತ್ರದ ದೋಷಗಳಲ್ಲಿ ಬಹುಪಾಲು ಹೊರಬೀಳುತ್ತವೆಂದು ಜೇಕಬ್ ನೀಲ್ಸನ್ ಎಂಬ ತಜ್ಞರು ೨೦೦೦ದಲ್ಲಿ ಬರೆದರು. ಆದರೆ ಐವರೂ ಒಂದೇ ತರದವರಾಗಬಾರದು. ಓದಲು ಬಾರದವರು, ಕನ್ನಡಕದವರು, ಕಿವಿ ಮಂದವಾದವರು, ಕೈ ನಡುಗುವವರು ಇರಲಿ. ಹೆಂಗಸರು ಖಂಡಿತವಾಗಿ ಇರಬೇಕು.

೨. ಪಾಠ ಹೇಳಬೇಡಿ, ಕೆಲಸ ಕೊಡಿ. "ಇಲ್ಲಿ ಒತ್ತಿ, ಅಲ್ಲಿ ಒತ್ತಿ" ಎನ್ನುವುದು ಪರೀಕ್ಷೆಯಲ್ಲ. "ನಾಳೆ ಮಳೆ ಬರುತ್ತದೆಯೇ, ಇದರಲ್ಲಿ ನೋಡಿ ಹೇಳಿ" ಎಂದು ಕೇಳಿ ಸುಮ್ಮನಿರಿ. ಸುಮ್ಮನಿರುವುದೇ ಈ ಕೆಲಸದಲ್ಲಿ ಕಷ್ಟವಾದ ಭಾಗ. ಮೊಮ್ಮಕ್ಕಳು ಫೋನು ಕಿತ್ತುಕೊಂಡು ತಾವೇ ಮಾಡಿ ತೋರಿಸದಂತೆ ಸ್ವಲ್ಪ ದೂರ ಕೂರಿಸಬೇಕು.

೩. ಬಾಯಿಯ ಮಾತಿಗಿಂತ ಕೈಯನ್ನು ನೋಡಿ. ನಮ್ಮ ಹಿರಿಯರು ಮರ್ಯಾದಸ್ಥರು. ಮನೆಗೆ ಬಂದವರ ಮನಸ್ಸು ನೋಯಬಾರದೆಂದು "ಚೆನ್ನಾಗಿದೆ ಸ್ವಾಮಿ" ಎಂದುಬಿಡುತ್ತಾರೆ. ಇಲ್ಲವೇ "ನನಗೆ ವಯಸ್ಸಾಯಿತು, ತಲೆಗೆ ಹತ್ತುವುದಿಲ್ಲ" ಎಂದು ದೋಷವನ್ನು ತಮ್ಮ ಮೇಲೆಯೇ ಹಾಕಿಕೊಳ್ಳುತ್ತಾರೆ. ಎರಡನ್ನೂ ಹಾಗೆಯೇ ನಂಬಬಾರದು. ಬೆರಳು ಎಲ್ಲಿ ತಡೆಯಿತು, ಎಷ್ಟು ಸಲ ಒತ್ತಬೇಕಾಯಿತು, ಯಾವ ಮಾತು ತಿಳಿಯಲಿಲ್ಲ ಎಂಬುದನ್ನು ಬರೆದುಕೊಳ್ಳಿ. ಐವರಲ್ಲಿ ಮೂವರು ಒಂದೇ ಕಡೆ ಮುಗ್ಗರಿಸಿದರೆ ಕುಂದು ಇರುವುದು ದಾರಿಯಲ್ಲಿ, ಕಾಲಿನಲ್ಲಲ್ಲ.

೪. ಯಂತ್ರವನ್ನು ಅದು ಕೆಲಸ ಮಾಡಬೇಕಾದ ಜಾಗದಲ್ಲಿಯೇ ನೋಡಿ. ಪಂಚಾಯಿತಿ ಕಟ್ಟಡದ ನೆರಳಿನಲ್ಲಿ ಕಂಡ ಅಕ್ಷರ ಹೊಲದ ಬಿಸಿಲಿನಲ್ಲಿ ಕಾಣಲಾರದು. ದನದ ಕೊಟ್ಟಿಗೆಯ ಸದ್ದಿನಲ್ಲಿ, ಸಂಜೆಯ ಮಬ್ಬಿನಲ್ಲಿ, ಕರೆಂಟು ಹೋದಾಗ ಅದು ಏನಾಗುತ್ತದೆ ನೋಡಬೇಕು.

೫. ತಪ್ಪು ಮಾಡಲು ಬಿಟ್ಟು ನೋಡಿ. ಬೇಡದ ಗುಂಡಿ ಒತ್ತಿದರೆ ಹಿಂದಕ್ಕೆ ಬರುವ ದಾರಿ ಇದೆಯೇ? ಪಂಪಿನ ಮೊಬೈಲ್ ಸ್ಟಾರ್ಟರಿನಲ್ಲಿ ಇದು ಜೀವದ ಪ್ರಶ್ನೆ. ಒಬ್ಬರು ಪಂಪನ್ನು ಬಿಚ್ಚಿ ರಿಪೇರಿ ಮಾಡುತ್ತಿರುವಾಗ ಮನೆಯಲ್ಲಿ ಇನ್ನೊಬ್ಬರ ಬೆರಳು ತಪ್ಪಿ ಮೋಟಾರು ತಿರುಗಿದರೆ ಅನಾಹುತವಾಗುತ್ತದೆ. ಮೋಟಾರು ಓಡುತ್ತಿದೆಯೋ ನಿಂತಿದೆಯೋ ಎಂಬುದನ್ನು ಸಾಧನವು ಕನ್ನಡದಲ್ಲಿ ಸ್ಪಷ್ಟವಾಗಿ ಹೇಳಬೇಕು. ರಿಪೇರಿಗೆ ಮುಂಚೆ ಮೈನ್ ಸ್ವಿಚ್ಚನ್ನು ತೆಗೆಯುವುದನ್ನಂತೂ ಎಂದಿಗೂ ಮರೆಯಬಾರದು.

೬. ಹಿರಿಯರ ಒಪ್ಪಿಗೆ ಪಡೆಯಿರಿ. ಅರ್ಧ ಗಂಟೆಗಿಂತ ಹೆಚ್ಚು ಕೂರಿಸಬಾರದು. ಪರೀಕ್ಷೆಗೆಂದು ಅವರ ನಿಜವಾದ ಆಧಾರ್ ಸಂಖ್ಯೆ, ಬ್ಯಾಂಕ್ ಪಾಸ್‌ಪುಸ್ತಕ, ಪಿನ್ ಇವುಗಳನ್ನು ಯಾರೂ ಕೇಳಕೂಡದು. ಕೇಳಿದರೆ ಪರೀಕ್ಷೆಯನ್ನು ಅಲ್ಲಿಗೇ ನಿಲ್ಲಿಸಿ.

೭. ಒಂದು ವಾರ ಬಿಟ್ಟು ಅದೇ ಜನರಿಗೆ ಅದೇ ಕೆಲಸ ಕೊಡಿ. ಆಗಲೂ ಮಾಡಬಲ್ಲರಾದರೆ ಯಂತ್ರ ಊರಿಗೆ ಒಗ್ಗಿತೆಂದು ತಿಳಿಯಬಹುದು.

ಬರೆದುಕೊಂಡದ್ದನ್ನು ಯಂತ್ರ ತಂದವರಿಗೆ ಕೊಡಿ, ಗ್ರಾಮಸಭೆಯಲ್ಲಿಯೂ ಓದಿ. "ಮುದುಕರಿಗೆ ಬಾರದು" ಎಂಬ ದೂರಿಗಿಂತ "ಮೂರನೆಯ ಪುಟದ ಅಕ್ಷರ ಬಿಸಿಲಿನಲ್ಲಿ ಐವರಲ್ಲಿ ನಾಲ್ವರಿಗೆ ಕಾಣಲಿಲ್ಲ" ಎಂಬ ಮಾತಿಗೆ ಬೆಲೆ ಹೆಚ್ಚು. ಅದನ್ನು ಕೇಳಿ ಸರಿಪಡಿಸಬಹುದು.

ಮನೆಗೆ ಫೋನು ಕೊಳ್ಳುವಾಗ

ಅಂಗಡಿಯಲ್ಲಿ ನೀವೇ ಆರಿಸಿ ತಂದು ಹಿರಿಯರ ಕೈಗೆ ಕೊಡುವ ಬದಲು ಅವರನ್ನೇ ಕರೆದುಕೊಂಡು ಹೋಗಿ. ಎತ್ತು ಕೊಳ್ಳುವಾಗ ಹಲ್ಲು ನೋಡುವಂತೆ ಈ ಗುಣಗಳನ್ನು ನೋಡಿ. ಗುಂಡಿಗಳು ದೊಡ್ಡದಾಗಿ, ಬಿಡಿಬಿಡಿಯಾಗಿರಬೇಕು. ಒತ್ತಿದಾಗ ಬೆರಳಿಗೆ ತಿಳಿಯಬೇಕು. ‘೫’ರ ಅಂಕಿಯ ಮೇಲೆ ಸಣ್ಣ ಉಬ್ಬು ಚುಕ್ಕೆ ಇರುವ ಫೋನುಗಳಲ್ಲಿ ಕತ್ತಲೆಯಲ್ಲಿಯೂ ಮಿಕ್ಕ ಅಂಕಿಗಳನ್ನು ತಡವಿ ಗುರುತಿಸಬಹುದು. ಗಂಟೆಯ ಸದ್ದು ಕೀರಲಾಗಿರದೆ ದಪ್ಪನೆಯದಾಗಿರಲಿ. ಅಕ್ಷರ ಕನ್ನಡದಲ್ಲಿ ಬರುವಂತಿರಬೇಕು.

ಗಾಜಿನ ಮುಖದ ಸ್ಮಾರ್ಟ್‌ಫೋನು ಈಗಾಗಲೇ ಇದ್ದರೆ ಅದರ ಸೆಟ್ಟಿಂಗ್ಸ್ ಎಂಬಲ್ಲಿ ಅಕ್ಷರವನ್ನು ದೊಡ್ಡದು ಮಾಡಬಹುದು. ಬೆರಳು ಎಷ್ಟು ಹೊತ್ತು ಇಟ್ಟರೆ ‘ಒತ್ತಿದಂತೆ’ ಎಂಬುದನ್ನೂ ಬಹಳ ಫೋನುಗಳಲ್ಲಿ ಹೆಚ್ಚು ಕಡಿಮೆ ಮಾಡಬಹುದು. ಬೇಡದ ಚಿತ್ರಗಳನ್ನೆಲ್ಲ ತೆಗೆದು, ದಿನವೂ ಬೇಕಾದ ನಾಲ್ಕೈದನ್ನು ಮಾತ್ರ ಮುಂದಿನ ಪುಟದಲ್ಲಿ ಉಳಿಸಿರಿ. ಬೆರಳು ಹಿಡಿಯದಿದ್ದರೆ ಒದ್ದೆ ಬಟ್ಟೆಯಿಂದ ಒರೆಸಿ, ತೇವ ಆರಿದ ಕೂಡಲೆ ಮುಟ್ಟಿ ನೋಡಬೇಕು. ಬೆರಳಚ್ಚಿನ ಯಂತ್ರಕ್ಕೂ ಇದೇ ಉಪಾಯ. ಹತ್ತು ಬೆರಳಲ್ಲಿ ಯಾವುದು ಚೆನ್ನಾಗಿ ತಾಳೆಯಾಗುತ್ತದೆಂದು ಒಮ್ಮೆ ಕಂಡುಕೊಂಡು ಅದನ್ನೇ ಇಡುವುದು ಮೇಲು. ಪದೇ ಪದೇ ತಪ್ಪುತ್ತಿದ್ದರೆ ಆಧಾರ್ ಕೇಂದ್ರದಲ್ಲಿ ಬೆರಳು ಮತ್ತು ಕಣ್ಣಿನ ಗುರುತನ್ನು ಹೊಸದಾಗಿ ಕೊಡಬಹುದು.

ಗುಂಡಿಯ ಫೋನಿನಿಂದಲೂ ಹಣ ಕಳುಹಿಸಬಹುದಾದ ಯುಪಿಐ ೧೨೩ಪೇ ಎಂಬ ಏರ್ಪಾಡನ್ನು ರಿಸರ್ವ್ ಬ್ಯಾಂಕು ೨೦೨೨ರ ಮಾರ್ಚ್ ೮ರಂದು ಪ್ರಾರಂಭಿಸಿತು. ೭೦ ವರ್ಷ ಮೀರಿದವರಿಗೆ ಹಣ ಕಟ್ಟುವ, ತೆಗೆಯುವ ಮುಂತಾದ ಸಾಮಾನ್ಯ ಸೇವೆಗಳನ್ನು ಮನೆಬಾಗಿಲಿಗೆ ಒದಗಿಸುವ ಏರ್ಪಾಡು ಮಾಡಬೇಕೆಂದು ಅದೇ ಬ್ಯಾಂಕು ೨೦೧೭ರ ನವೆಂಬರಿನಲ್ಲಿ ಇತರ ಬ್ಯಾಂಕುಗಳಿಗೆ ತಿಳಿಸಿದೆ. ನಿಮ್ಮ ಶಾಖೆಯಲ್ಲಿ ಇದನ್ನು ವಿಚಾರಿಸಿ.

ಒಗ್ಗದ ಯಂತ್ರದಿಂದ ಆಗುವ ದೊಡ್ಡ ಕೇಡು

ಯಂತ್ರ ಒಗ್ಗದಿದ್ದಾಗ ಹಿರಿಯರು ಕೆಲಸವನ್ನು ಇನ್ನೊಬ್ಬರ ಕೈಗೆ ಕೊಡುತ್ತಾರೆ. ಎಟಿಎಂ ಕಾರ್ಡನ್ನೂ ಅದರ ಪಿನ್ನನ್ನೂ ಜೊತೆಯಲ್ಲಿ ನಿಂತವರಿಗೆ ಹೇಳುತ್ತಾರೆ. ಓಟಿಪಿ ಮಗನ ಫೋನಿಗೆ ಹೋಗುತ್ತದೆ. ಮಗ ಬೇರೆ ಊರಿನಲ್ಲಿ ಕೆಲಸದ ಮೇಲಿರುತ್ತಾನೆ. ಅವನು ನೋಡುವ ಹೊತ್ತಿಗೆ ಅದರ ಅವಧಿ ಮುಗಿದಿರುತ್ತದೆ. ಬೇಸತ್ತವರು ಯಾರೋ "ಬ್ಯಾಂಕಿನಿಂದ ಮಾತಾಡುತ್ತಿದ್ದೇವೆ, ನಾವೇ ಸರಿಮಾಡಿಕೊಡುತ್ತೇವೆ" ಎಂದು ಫೋನು ಮಾಡಿದಾಗ ನಂಬಿಬಿಡುತ್ತಾರೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬಂತೆ ಒಂದು ವರ್ಷದ ಬೆಳೆಯ ಹಣ ಒಂದು ಗಳಿಗೆಯಲ್ಲಿ ಹೋಗುತ್ತದೆ. ಮೋಸ ಹೋದವರು ಮಕ್ಕಳು ಬೈದಾರೆಂಬ ಅಂಜಿಕೆಯಿಂದ ಹೇಳುವುದೂ ಇಲ್ಲ.

ಆದ್ದರಿಂದ ಮನೆಯವರು ಮೊದಲು ಮಾಡಬೇಕಾದುದೆಂದರೆ ಬಯ್ಯದಿರುವುದು. ಬ್ಯಾಂಕಿನವರು ಎಂದಿಗೂ ಫೋನಿನಲ್ಲಿ ಪಿನ್ ಅಥವಾ ಓಟಿಪಿ ಕೇಳುವುದಿಲ್ಲವೆಂಬುದನ್ನು ಹಿರಿಯರಿಗೆ ಮತ್ತೆ ಮತ್ತೆ, ಸಮಾಧಾನದಿಂದ ಹೇಳಬೇಕು. ಹಣ ಹೋದುದು ತಿಳಿದ ಕೂಡಲೆ ೧೯೩೦ ಎಂಬ ಸಂಖ್ಯೆಗೆ ಫೋನು ಮಾಡಿ ದೂರು ಕೊಡಬೇಕು. ಎಷ್ಟು ಬೇಗ ತಿಳಿಸಿದರೆ ಹಣ ತಡೆಯುವ ಅವಕಾಶ ಅಷ್ಟು ಹೆಚ್ಚು. ಹಿರಿಯ ನಾಗರಿಕರಿಗಾಗಿಯೇ ೧೪೫೬೭ ಎಂಬ ಸಹಾಯವಾಣಿಯೂ ಇದೆ. ಈ ಎರಡು ಸಂಖ್ಯೆಗಳನ್ನು ದಪ್ಪ ಅಕ್ಷರದಲ್ಲಿ ಬರೆದು ಫೋನು ಇಡುವ ಗೂಡಿನ ಪಕ್ಕದಲ್ಲಿ ಅಂಟಿಸಿರಿ.

ಇನ್ನೊಂದು ಮಾತು. ಓಟಿಪಿ ಹೋಗುವ ಫೋನು ಹಿರಿಯರ ಬಳಿಯೇ ಇರುವ ಫೋನಾಗಿರಬೇಕು. ಆಧಾರಿಗೂ ಬ್ಯಾಂಕಿಗೂ ಯಾವ ಸಂಖ್ಯೆ ಜೋಡಣೆಯಾಗಿದೆ ಎಂಬುದನ್ನು ಈ ವಾರವೇ ನೋಡಿಕೊಳ್ಳಿ. ಹಳೆಯ, ಈಗ ಬಳಕೆಯಲ್ಲಿಲ್ಲದ ಸಂಖ್ಯೆ ಇದ್ದರೆ ಬದಲಾಯಿಸಿ.

ನಾವು ಮಾಡಬೇಕಾದುದು

ಸುಗ್ಗಿಯ ಕೆಲಸ ಮುಗಿದ ಮೇಲೆ ಪ್ರತಿ ಊರಿನಲ್ಲಿಯೂ ಒಂದು ದಿನವನ್ನು ಇದಕ್ಕಾಗಿ ಇಟ್ಟುಕೊಳ್ಳುವುದು ಯುಕ್ತ. ಯುವಕ ಸಂಘದವರೂ ಮಹಿಳಾ ಸಂಘದವರೂ ಸೇರಿ ಮನೆಮನೆಗೆ ಹೋಗಿ, ಯಾವ ಹಿರಿಯರ ಬೆರಳು ತಾಳೆಯಾಗುತ್ತಿಲ್ಲ, ಯಾರ ಇ-ಕೆವೈಸಿ ನಿಂತಿದೆ, ಯಾರ ಫೋನಿನ ಅಕ್ಷರ ಕಾಣುತ್ತಿಲ್ಲ ಎಂದು ಪಟ್ಟಿ ಮಾಡಿರಿ. ಹಾಸಿಗೆ ಹಿಡಿದವರ ಹೆಸರನ್ನು ಮೊದಲು ಬರೆಯಿರಿ. ಪಟ್ಟಿಯನ್ನು ಗ್ರಾಮಸಭೆಯಲ್ಲಿ ಇಟ್ಟು ಒಂದೊಂದಾಗಿ ಪರಿಹರಿಸಿಕೊಳ್ಳಿ.

ಹೊಸ ಯಂತ್ರ ಊರಿಗೆ ಬಂದಾಗ ಮೊದಲನೆಯ ಕುರ್ಚಿಯಲ್ಲಿ ಹಿರಿಯರನ್ನು ಕೂರಿಸುವ ಪದ್ಧತಿಯನ್ನು ಬೆಳೆಸೋಣ. ಅವರ ಕೈಗೆ ಒಗ್ಗಿದ್ದು ಎಲ್ಲರ ಕೈಗೂ ಒಗ್ಗುತ್ತದೆ. ಈಗ ನಲವತ್ತರ ಹತ್ತಿರವಿರುವ ರೈತರೂ ಈ ಪತ್ರಿಕೆಯನ್ನು ಸ್ವಲ್ಪ ದೂರ ಹಿಡಿದು ಓದುತ್ತಿರಬಹುದು. ಹಾಗಿದ್ದರೆ ಈ ಲೇಖನ ಅವರಿಗೂ ಸಂಬಂಧಿಸಿದ್ದೇ.